ಮಕ್ಕಳ ಅಡುಗೆಮನೆ ಸ್ಟ್ಯಾಂಡ್: ತಗೋಬಹುದು, ಆದರೆ ಜಾಗ ನೋಡಿಕೊಳ್ಳಿ

ಅಡುಗೆಗೆ ನಿಂತರೆ ಸಾಕು, ಎರಡು ವರ್ಷದ ಮಗಳು "ಎತ್ಕೋ ಎತ್ಕೋ" ಎಂದು ಕಾಲು ಹಿಡಿಯುತ್ತಾಳೆ, ಅದಕ್ಕೇ ಈ ಮರದ ಸ್ಟ್ಯಾಂಡ್ ತರಿಸಿದೆವು. ಸುತ್ತಲೂ ಕಂಬಿ ಇದೆ, ನಿಲ್ಲುವ ಹಲಗೆಯ ಎತ್ತರ ಬದಲಾಯಿಸಬಹುದು. ಮಗು ಕಟ್ಟೆಯ ಮಟ್ಟಕ್ಕೆ ಬರುತ್ತದೆ, ನಮ್ಮ ಎರಡೂ ಕೈ ಖಾಲಿ. ಅಷ್ಟು ಸಾಕು ಅಲ್ವಾ?

ಅವರೆಕಾಯಿ ಕಾಲದಲ್ಲಂತೂ ಕೊಟ್ಟ ದುಡ್ಡು ವಸೂಲಿ. ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಹಿಡಿದು ಹಿತುಕಿದರೆ ಬೇಳೆ ಪುಸಕ್ ಅಂತ ಹಾರುತ್ತದೆ, ಅರ್ಧ ಪಾತ್ರೆಗೆ, ಅರ್ಧ ನೆಲಕ್ಕೆ, ಅವಳಿಗೆ ಅದೇ ಆಟ. ಪಕ್ಕದಲ್ಲೇ ಇರಿ, ಈ ವಯಸ್ಸಿನಲ್ಲಿ ಕಾಳು ಬಾಯಿಗೆ ಹೋದರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಚಪಾತಿ ಹಿಟ್ಟು ಒಂದು ಉಂಡೆ ಕೊಟ್ಟರೂ ಸುಮ್ನೆ ನಾದುತ್ತಾ ನಿಲ್ಲುತ್ತಾಳೆ.

ಇನ್ನು ಬೇಜಾರಿನ ವಿಷಯ. ಸಣ್ಣ ಅಡುಗೆಮನೆಗೆ ಇದು ತುಂಬಾ ದೊಡ್ಡದು, ಮಡಚೋಕೆ ಬರಲ್ಲ. ಕಾಲಿಗೆ ರಬ್ಬರ್ ಬುಷ್ ಕೊಟ್ಟಿಲ್ಲ, ಒದ್ದೆ ಟೈಲ್ಸ್ ಮೇಲೆ ಜಾರುತ್ತದೆ, ಹಾರ್ಡ್‌ವೇರ್ ಅಂಗಡಿಯಿಂದ ಬೇರೆ ತಂದು ಹಾಕಬೇಕಾಯಿತು. ಈ ಬೆಲೆಗೆ ಇಷ್ಟು ಜಿಪುಣತನ ಯಾಕೋ! ತಗೊಂಡರೆ ಒಲೆಯಿಂದ ದೂರ, ಸಿಂಕ್ ಪಕ್ಕ ಇಡಿ. ಕುಕ್ಕರ್ ಹಿಡಿ, ಒಗ್ಗರಣೆ ಸೌಟು ಮಗುವಿನ ಕೈಗೆ ಎಟುಕಬಾರದು.