ಒಂದೇ ಹಬ್ ಮೋಟರು, ಮೂರು ಬಗೆಯ ನಿಯಂತ್ರಣ

ವಿದ್ಯುತ್ ದ್ವಿಚಕ್ರ ವಾಹನದ ಚಕ್ರದೊಳಗೇ ಅಡಗಿರುವಂಥ ಹಬ್ ಮೋಟರೊಂದನ್ನು ಸ್ಟ್ಯಾಂಡಿಗೆ ಬಿಗಿದು, ಸಿಕ್ಸ್ ಸ್ಟೆಪ್ (ಆರು ಹಂತ), ಎಫ್‌ಒಸಿ (ಫೀಲ್ಡ್ ಓರಿಯೆಂಟೆಡ್ ಕಂಟ್ರೋಲ್) ಮತ್ತು ಡಿಟಿಸಿ (ಡೈರೆಕ್ಟ್ ಟಾರ್ಕ್ ಕಂಟ್ರೋಲ್) ಎಂಬ ಮೂರು ನಿಯಂತ್ರಣ ವಿಧಾನಗಳನ್ನು ಒಂದಾದ ಮೇಲೊಂದರಂತೆ ಅದರ ಮೇಲೆ ಪ್ರಯೋಗಿಸಿ ನೋಡಿದೆ. ಬೇರೆ ಬೇರೆ ಕಂಟ್ರೋಲರುಗಳನ್ನು ತಂದು ಹೋಲಿಸಿದರೆ ವ್ಯತ್ಯಾಸ ವಿಧಾನದ್ದೋ ಬೋರ್ಡಿನದ್ದೋ ಎಂದು ಹೇಳಲಾಗದು; ಆದ್ದರಿಂದ 48 ವೋಲ್ಟ್ ಬ್ಯಾಟರಿಯನ್ನೂ ಅದರ ಕರೆಂಟನ್ನು ಮೋಟರಿನ ಮೂರು ಸುರುಳಿಗಳಿಗೆ (ಫೇಸುಗಳಿಗೆ) ಹಂಚುವ, ಆರು ಮಾಸ್‌ಫೆಟ್‌ಗಳ (ಎಲೆಕ್ಟ್ರಾನಿಕ್ ಸ್ವಿಚ್ಚುಗಳ) ಇನ್ವರ್ಟರನ್ನೂ ಹಾಗೆಯೇ ಉಳಿಸಿಕೊಂಡು ಪ್ರೋಗ್ರಾಮನ್ನು ಮಾತ್ರ ಬದಲಿಸಿದೆ. ರಿಮ್ಮಿಗೆ ಹಗ್ಗ ಸುತ್ತಿ, ಅದರ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿದ್ದೇ ನನ್ನ ಟಾರ್ಕ್ (ತಿರುಗಿಸುವ ಬಲ) ಮಾಪಕ. ಈ ಮೋಟರಿನಲ್ಲಿ 23 ಜೋಡಿ ಕಾಂತಧ್ರುವಗಳಿವೆ; ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ವಿದ್ಯುತ್ ಚಕ್ರ, ಅಂದರೆ ಫೇಸುಗಳ ಕರೆಂಟಿನ 360 ಡಿಗ್ರಿಯ ಪೂರ್ಣ ಏರಿಳಿತ, 23 ಸಲ ಮುಗಿಯುತ್ತದೆ. ಮುಂದೆ ಬರುವ ತೊಂದರೆಗಳಿಗೆಲ್ಲ ಬಹುಪಾಲು ಕಾರಣ ಈ ಸಂಖ್ಯೆಯೇ.

ಸಿಕ್ಸ್ ಸ್ಟೆಪ್ ವಿಧಾನದಲ್ಲಿ ಯೋಚಿಸುವುದಕ್ಕೆ ಹೆಚ್ಚೇನೂ ಇಲ್ಲ. ಆಯಸ್ಕಾಂತಗಳ ಸ್ಥಾನ ಗುರುತಿಸುವ ಮೂರು ಹಾಲ್ ಸೆನ್ಸರುಗಳು ಒಂದು ವಿದ್ಯುತ್ ಚಕ್ರವನ್ನು ತಲಾ 60 ಡಿಗ್ರಿಯ ಆರು ವಿಭಾಗಗಳಾಗಿ ಒಡೆಯುತ್ತವೆ. ಪ್ರತಿ ವಿಭಾಗದಲ್ಲೂ ಎರಡು ಫೇಸುಗಳಲ್ಲಿ ಕರೆಂಟು ಹರಿಯುತ್ತದೆ, ಮೂರನೆಯದು ಸುಮ್ಮನಿರುತ್ತದೆ. ಪ್ರೋಗ್ರಾಮು ಅರ್ಧ ದಿನದಲ್ಲಿ ಸಿದ್ಧವಾಯಿತು, ಚಕ್ರ ಮೊದಲ ಯತ್ನದಲ್ಲೇ ತಿರುಗಿತು. ಆದರೆ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದು ಹಗ್ಗವನ್ನು ನಿಧಾನವಾಗಿ ಬಿಡುತ್ತಾ ಹೋದಾಗ ತಕ್ಕಡಿಯ ಮುಳ್ಳು ಒಂದೇ ಕಡೆ ನಿಲ್ಲದೆ ಏರಿಳಿಯುತ್ತಿತ್ತು. ಕಾರಣ ಲೆಕ್ಕದಲ್ಲಿಯೇ ಇದೆ: ಸ್ಟೇಟರಿನ (ಸುರುಳಿಗಳಿರುವ ನಿಂತ ಭಾಗದ) ಕಾಂತಕ್ಷೇತ್ರ ವಿಭಾಗದುದ್ದಕ್ಕೂ ನಿಂತಲ್ಲೇ ನಿಂತಿದ್ದು, ರೋಟರು (ಆಯಸ್ಕಾಂತಗಳಿರುವ ತಿರುಗುವ ಭಾಗ) ಮಾತ್ರ ಸರಿಯುವುದರಿಂದ, ವಿಭಾಗದ ಎರಡೂ ತುದಿಗಳಲ್ಲಿ ಕೋನ 30 ಡಿಗ್ರಿಯಷ್ಟು ತಪ್ಪಿ, ಸೈನ್ ಆಕಾರದ ಬ್ಯಾಕ್ ಇಎಂಎಫ್ (ತಿರುಗುವ ಮೋಟರು ತಾನೇ ಹುಟ್ಟಿಸುವ ವೋಲ್ಟೇಜು) ಇರುವ ಮೋಟರಿನಲ್ಲಿ ಟಾರ್ಕ್ ಶೇಕಡಾ 13ರಷ್ಟು ಇಳಿಯುತ್ತದೆ. ವೇಗ ಹೆಚ್ಚಿದಾಗ ಚಕ್ರದ ಜಡತೆ ಇದನ್ನು ನುಂಗಿಹಾಕುತ್ತದೆ, ಸದ್ದನ್ನು ಮಾತ್ರ ನುಂಗುವುದಿಲ್ಲ. ನಿಮಿಷಕ್ಕೆ 300 ಸುತ್ತಿನಲ್ಲಿ ಸೆಕೆಂಡಿಗೆ 690 ಬಾರಿ ಫೇಸು ಬದಲಾಗುತ್ತದೆ. ಅದು ಕಿವಿಗೆ ಚೆನ್ನಾಗಿಯೇ ಕೇಳಿಸುವ ಸ್ವರ.

ಎಫ್‌ಒಸಿಯ ಮೇಲೆ ನನಗೆ ದೊಡ್ಡ ಭರವಸೆಯಿತ್ತು. ಮೂರು ಫೇಸುಗಳ ಕರೆಂಟನ್ನು ಕ್ಲಾರ್ಕ್ ಮತ್ತು ಪಾರ್ಕ್ ಎಂಬ ಗಣಿತ ರೂಪಾಂತರಗಳ ಮೂಲಕ ರೋಟರಿನ ಜೊತೆಗೇ ತಿರುಗುವ ಚೌಕಟ್ಟಿಗೆ ತಂದರೆ, ಏರಿಳಿಯುವ ಸೈನ್ ಅಲೆಗಳು ಎರಡು ಸ್ಥಿರ ಸಂಖ್ಯೆಗಳಾಗುತ್ತವೆ. ರೋಟರಿನ ಕಾಂತಕ್ಷೇತ್ರಕ್ಕೆ ಲಂಬವಾದ ಕ್ಯೂ ಅಕ್ಷದ ಕರೆಂಟು ಟಾರ್ಕ್ ಕೊಡುತ್ತದೆ. ಆ ಕ್ಷೇತ್ರದ ದಿಕ್ಕಿನಲ್ಲೇ ಇರುವ ಡಿ ಅಕ್ಷದ ಕರೆಂಟು ಇಂಥ ಮೋಟರಿನಲ್ಲಿ, ಫೀಲ್ಡ್ ವೀಕನಿಂಗ್ (ವೇಗ ಹೆಚ್ಚಿಸಲು ಕಾಂತಕ್ಷೇತ್ರವನ್ನು ಕುಗ್ಗಿಸುವುದು) ಬೇಕಾದಾಗ ಹೊರತು, ಬರಿಯ ಬಿಸಿ. ಇಷ್ಟೆಲ್ಲ ಸೊಗಸಾಗಿದ್ದರೂ ಮೊದಲ ದಿನ ನನ್ನ ಎಫ್‌ಒಸಿ ನಿಧಾನ ವೇಗದಲ್ಲಿ ಸಿಕ್ಸ್ ಸ್ಟೆಪ್‌ಗಿಂತ ಕೆಟ್ಟದಾಗಿ ಗುರುಗುಟ್ಟಿತು. ಕರೆಂಟನ್ನು ಗುರಿಯ ಮಟ್ಟಕ್ಕೆ ತರುವ ಪಿಐ ನಿಯಂತ್ರಕದ ಗುಣಾಂಕಗಳನ್ನು ಎರಡು ದಿನ ತಿರುಚಿದ್ದು ಶುದ್ಧ ಕಾಲಹರಣ.

ದೋಷವಿದ್ದದ್ದು ಹಾಲ್ ಸೆನ್ಸರುಗಳಲ್ಲಿ. ಮೋಟರಿಗೆ ಸಣ್ಣ ಕರೆಂಟು ಕೊಟ್ಟು, ಅದರ ದಿಕ್ಕನ್ನು ಒಂದೊಂದೇ ವಿದ್ಯುತ್ ಡಿಗ್ರಿಯಷ್ಟು ಸರಿಸುತ್ತಾ, ಪ್ರತಿ ಸೆನ್ಸರು ಎಲ್ಲಿ ಸ್ಥಿತಿ ಬದಲಿಸುತ್ತದೆ ಎಂದು ಬರೆದುಕೊಂಡೆ. ಘರ್ಷಣೆಯಿಂದ ರೋಟರು ಸ್ವಲ್ಪ ಹಿಂದೆ ಉಳಿಯುವುದರಿಂದ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ತಿರುಗಿಸಿ ಎರಡರ ಸರಾಸರಿ ತೆಗೆದುಕೊಳ್ಳಬೇಕಾಯಿತು. 60 ಡಿಗ್ರಿ ಇರಬೇಕಾದ ಒಂದು ವಿಭಾಗ 49 ಇತ್ತು, ಪಕ್ಕದ್ದು 71. ಒಂದು ಸೆನ್ಸರು 11 ವಿದ್ಯುತ್ ಡಿಗ್ರಿ ಸರಿದು ಕೂತಿದೆ ಎಂದರ್ಥ. ಅದನ್ನು 23ರಿಂದ ಭಾಗಿಸಿದರೆ ಯಾಂತ್ರಿಕವಾಗಿ ಅರ್ಧ ಡಿಗ್ರಿಯೂ ಇಲ್ಲ, ಸ್ಟೇಟರಿನ ಅಂಚಿನಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆ. ಅಂಟು ಹಾಕಿದವರನ್ನು ದೂರುವಂತಿಲ್ಲ. ಆದರೆ ಎರಡು ಹಾಲ್ ಅಂಚುಗಳ ನಡುವಿನ ಸಮಯದಿಂದಲೇ ವೇಗವನ್ನೂ ಮುಂದಿನ ಕೋನವನ್ನೂ ಊಹಿಸುವ ನನ್ನ ಪ್ರೋಗ್ರಾಮು, ಕಿರಿದಾದ ವಿಭಾಗ ಬಂದಾಗಲೆಲ್ಲ ಚಕ್ರ ಓಡತೊಡಗಿತೆಂದು ನಂಬಿ ಕೋನವನ್ನು ಮುಂದೂಡುತ್ತಿತ್ತು, ಅಗಲವಾದದ್ದು ಬಂದಾಗ ಬೆಚ್ಚಿ ಹಿಂಜರಿಯುತ್ತಿತ್ತು. ಅಳೆದ ಆರು ಕೋನಗಳನ್ನು ಪಟ್ಟಿಯಾಗಿ ಪ್ರೋಗ್ರಾಮಿಗೆ ಕೊಟ್ಟ ಮರುಕ್ಷಣ ಗುರುಗುಟ್ಟುವಿಕೆ ನಿಂತಿತು. ಆಮೇಲಷ್ಟೇ ತಕ್ಕಡಿಯ ಮುಳ್ಳು ಬಹುಮಟ್ಟಿಗೆ ನೆಟ್ಟಗೆ ನಿಂತದ್ದು.

1980ರ ದಶಕದಲ್ಲಿ ಜಪಾನಿನ ತಕಹಾಶಿ ಮತ್ತು ನೊಗುಚಿ, ಜರ್ಮನಿಯ ಡೆಪೆನ್‌ಬ್ರಾಕ್ ಬೇರೆ ಬೇರೆಯಾಗಿ ರೂಪಿಸಿದ ಡಿಟಿಸಿ ವಿಧಾನಕ್ಕೆ ಪಾರ್ಕ್ ರೂಪಾಂತರವೂ ಬೇಡ, ಪಿಡಬ್ಲ್ಯೂಎಂ (ಸ್ವಿಚ್ಚುಗಳನ್ನು ಬೇಗ ಬೇಗ ಆನ್-ಆಫ್ ಮಾಡಿ ಸರಾಸರಿ ವೋಲ್ಟೇಜು ಹೊಂದಿಸುವುದು) ಕೂಡ ಬೇಡ. ಟಾರ್ಕ್ ಮತ್ತು ಫ್ಲಕ್ಸ್ (ಸುರುಳಿಗಳನ್ನು ಹಾಯುವ ಕಾಂತಪ್ರವಾಹ) ಎರಡನ್ನೂ ಅಂದಾಜು ಮಾಡಿ, ಅವು ನಿಗದಿತ ಮಿತಿಯಿಂದ ಹೊರಬಿದ್ದೊಡನೆ ಇನ್ವರ್ಟರಿನ ಎಂಟು ಸ್ಥಿತಿಗಳಲ್ಲಿ ತಕ್ಕದ್ದೊಂದನ್ನು ಕೋಷ್ಟಕದಿಂದ ಆರಿಸುವುದಷ್ಟೇ ಕೆಲಸ. ಥ್ರಾಟಲ್ ತಿರುವಿದೊಡನೆ ಟಾರ್ಕ್ ಬರುವ ಚುರುಕು ಮೂರರಲ್ಲೂ ಇದರದ್ದೇ ಹೆಚ್ಚು. ಆದರೆ ಫ್ಲಕ್ಸ್ ಅಂದಾಜು ನಿಂತಿರುವುದು ವೋಲ್ಟೇಜಿನಿಂದ ಸುರುಳಿಯ ರೋಧದ ಪಾಲನ್ನು ಕಳೆಯುವುದರ ಮೇಲೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇಕಡಾ 0.39ರಷ್ಟು ಏರುವುದರಿಂದ, ಮೋಟರಿನ ಬಿಸಿ 50 ಡಿಗ್ರಿಯಷ್ಟು ಏರಿದಾಗ ಆ ಲೆಕ್ಕ ಸುಮಾರು ಶೇಕಡಾ 20ರಷ್ಟು ತಪ್ಪುತ್ತದೆ. ವೇಗವಿದ್ದಾಗ ಇದು ನಗಣ್ಯ. ಚಕ್ರ ತೆವಳುವಾಗ ಮಾತ್ರ ಕಳೆದು ಉಳಿಯುವ ವೋಲ್ಟೇಜೇ ಆ ತಪ್ಪಿನಷ್ಟಿರುತ್ತದೆ. ತಣ್ಣಗಿದ್ದಾಗ ಸರಿಯಾಗಿ ಹೊರಟ ಚಕ್ರ, ಬಿಸಿಯಾದ ಮೇಲೆ ಹೊರಡುವಾಗ ಮುಗ್ಗರಿಸಿತು.

ಡಿಟಿಸಿ ಪ್ರಯೋಗದಲ್ಲಿಯೇ ಎರಡು ಮಾಸ್‌ಫೆಟ್‌ಗಳೂ ಸುಟ್ಟವು. ತಪ್ಪು ವಿಧಾನದ್ದಲ್ಲ, ನನ್ನದು. ಎಫ್‌ಒಸಿಯಲ್ಲಿ ಮೇಲಿನ ಸ್ವಿಚ್ಚು ಆರಿ ಕೆಳಗಿನದು ಹೊತ್ತುವ ನಡುವಿನ ಡೆಡ್ ಟೈಮನ್ನು ಟೈಮರ್ ತಾನೇ ಸೇರಿಸುತ್ತಿತ್ತು. ಡಿಟಿಸಿಗೆಂದು ಟೈಮರನ್ನು ಬಿಟ್ಟು ಪಿನ್ನುಗಳಿಗೆ ನೇರವಾಗಿ ಬರೆದಾಗ ಆ ಕಾವಲು ಹೋಯಿತು, ಎರಡೂ ಸ್ವಿಚ್ಚುಗಳು ಒಟ್ಟಿಗೆ ಆನ್ ಆದವು, ಟಪ್ಪೆಂದು ಫ್ಯೂಸ್ ಹಾರಿತು. ಅದಲ್ಲದೆ ಈ ಮೋಟರಿನ ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಯನ್ನು ತಡೆಯುವ ಗುಣ) ಕಡಿಮೆ; ಒಂದು ಅಳತೆಯಿಂದ ಮುಂದಿನದಕ್ಕೆ ಕರೆಂಟು ಬಹಳ ದೂರ ಜಿಗಿಯುತ್ತಿದ್ದುದರಿಂದ ಡಿಟಿಸಿಯ ಟಾರ್ಕ್ ಏರಿಳಿತ ಎಫ್‌ಒಸಿಗಿಂತ ಎದ್ದು ಕಾಣುವಷ್ಟಿತ್ತು.

ಒಂದೇ ಒಂದು ಅಂಶದಲ್ಲಿ ಹಳೆಯ ಸಿಕ್ಸ್ ಸ್ಟೆಪ್ ಗೆದ್ದಿತು: ಭಾರವಿಲ್ಲದ ಗರಿಷ್ಠ ವೇಗ. ನನ್ನ ಬೋರ್ಡು ಕರೆಂಟು ಅಳೆಯುವುದು ಕೆಳಗಿನ ಸ್ವಿಚ್ಚುಗಳ ಬುಡದಲ್ಲಿರುವ ಶಂಟುಗಳಿಂದ (ಸಣ್ಣ ರೋಧಕಗಳಿಂದ). ಆ ಸ್ವಿಚ್ಚುಗಳು ಒಂದಷ್ಟು ಕಾಲ ಆನ್ ಆಗಿರಲೇಬೇಕಾದ್ದರಿಂದ ಎಫ್‌ಒಸಿಗೆ ಬ್ಯಾಟರಿಯ ಪೂರ್ತಿ ವೋಲ್ಟೇಜು ದಕ್ಕುವುದಿಲ್ಲ. ಋಣ ಡಿ ಕರೆಂಟು ಕೊಟ್ಟು ಫೀಲ್ಡ್ ವೀಕನಿಂಗ್ ಮಾಡಿದಾಗ ಆ ಅಂತರವೂ ಮುಚ್ಚಿತು, ಬ್ಯಾಟರಿಯಿಂದ ಎಳೆಯುವ ಕರೆಂಟು ಮಾತ್ರ ಏರಿತು.

ಈಗ ಬೋರ್ಡಿನಲ್ಲಿ ಉಳಿದಿರುವುದು ಎಫ್‌ಒಸಿ: ಹೊರಡುವಾಗ ಅಳೆದಿಟ್ಟ ಹಾಲ್ ಪಟ್ಟಿ, ಚಕ್ರ ಚೆನ್ನಾಗಿ ಓಡತೊಡಗಿದ ಮೇಲೆ, ಡಿಟಿಸಿಯಿಂದಲೇ ಎತ್ತಿಕೊಂಡ ಫ್ಲಕ್ಸ್ ಅಂದಾಜು. ಸಿಕ್ಸ್ ಸ್ಟೆಪ್ಪನ್ನು ಅಳಿಸಿಲ್ಲ. ಕರೆಂಟು ಅಳೆಯುವ ಭಾಗ ಕೈಕೊಟ್ಟ ದಿನ, ಕುಂಟುತ್ತಲಾದರೂ ಮನೆ ಸೇರಿಸುವುದು ಅದೇ.