ಮೇ ರಜೆಗೆ ಕ್ಯಾಂಪಿಂಗ್: ಗಾರ್ಡಾ ಸರೋವರವೋ, ಲೌಟರ್‌ಬ್ರುನ್ನನ್ ಕಣಿವೆಯೋ?

ಶಿರಸಿಯಿಂದ ಚಿಕ್ಕ ಮಕ್ಕಳನ್ನು ಕರೆದುಕೊಂಡು ಯುರೋಪಿಗೆ ಹೊರಟವರಿಗೆ ನಾನು ಇಟಲಿಯ ಗಾರ್ಡಾ ಅಂತಲೇ ಹೇಳುತ್ತೇನೆ. ಅಲ್ಲಿನ ಕ್ಯಾಂಪುಗಳಲ್ಲಿ ಟೆಂಟ್ ಬೇಡ ಎನ್ನುವವರಿಗೆ ಮೊಬೈಲ್ ಹೋಮ್ ಸಿಗುತ್ತದೆ, ಅಂದರೆ ಮಲಗುವ ಕೋಣೆ, ಬಚ್ಚಲು, ಪುಟ್ಟ ಅಡುಗೆಮನೆ ಎಲ್ಲ ಇರುವ ಮನೆ. ಅನ್ನ, ಸಾರು ಮಾಡಿಕೊಂಡರೆ ಮಕ್ಕಳ ಊಟದ ಚಿಂತೆ ಮುಗಿಯಿತು, ಅಲ್ವಾ? (ತುಪ್ಪ ಮಾತ್ರ ಒಯ್ಯಬೇಡಿ, ಹೊರಗಿನಿಂದ ಹಾಲಿನ ಪದಾರ್ಥ ತರಲು ಯುರೋಪ್ ಒಕ್ಕೂಟ ಬಿಡುವುದಿಲ್ಲ.) ಮಿಲಾನ್-ವೆನಿಸ್ ಮಾರ್ಗದ ರೈಲು ಪೆಸ್ಕಿಯೆರಾದಲ್ಲಿ ಸರೋವರದ ಹತ್ತಿರವೇ ನಿಲ್ಲುತ್ತದೆ. ಆದರೆ ಮೇನಲ್ಲಿ ನೀರು ತಣ್ಣಗಿರುತ್ತದೆ, ಕಾರವಾರದ ಕಡಲಿನಂತೆ ಗಂಟೆಗಟ್ಟಲೆ ಆಡಲಾಗದು.

ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನನ್ ನೋಡಲು ಇನ್ನೂ ಚೆಂದ, ಎರಡು ಮಾತಿಲ್ಲ. ನಮ್ಮ ಜೋಗ 253 ಮೀಟರ್, ಅಲ್ಲಿನ ಸ್ಟೌಬಾಖ್ ಜಲಪಾತ ಸುಮಾರು 297, ಅದೂ ಊರಿನ ಪಕ್ಕದಲ್ಲೇ ಬೀಳುತ್ತದೆ. ಆದರೆ ಊರು ಸುಮಾರು 800 ಮೀಟರ್ ಎತ್ತರದಲ್ಲಿದೆ, ಮೇ ರಾತ್ರಿಗಳಲ್ಲಿ ಟೆಂಟಿನೊಳಗೆ ಚಳಿ ಜೋರು, ಬೆಟ್ಟದ ಮೇಲಿನ ದಾರಿಗಳಲ್ಲಿ ಹಿಮವೂ ಪೂರ್ತಿ ಕರಗಿರುವುದಿಲ್ಲ. ಖರ್ಚೂ ಜಾಸ್ತಿ. ಹತ್ತು ವರ್ಷ ದಾಟಿದ, ನಡೆಯಲು ಬೇಸರಪಡದ ಮಕ್ಕಳಿದ್ದರೆ ಮಾತ್ರ ಇದನ್ನು ಆರಿಸಿ.

ಎರಡಕ್ಕೂ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಸಾಕು. 6 ತಿಂಗಳು ಮೊದಲೇ ಅರ್ಜಿ ಹಾಕಬಹುದು, ಪರೀಕ್ಷೆ ಮುಗಿಯಲಿ ಅಂತ ಸುಮ್ನೆ ಕಾಯಬೇಡಿ.