ಕೈಯಲ್ಲಿ ಒತ್ತುವ ಹಾಲಿನ ಪಂಪ್: ಐದು ತಿಂಗಳು ಬಳಸಿದ ಮೇಲೆ

ಈ ಪಂಪ್ ನನಗೆ ಕೈಕೊಟ್ಟದ್ದು ಒಂದೇ ಸಲ, ಅದೂ ಉಗುರಿನಷ್ಟಿರುವ ಒಂದು ಬಿಳಿ ರಬ್ಬರ್ ತುಂಡಿನಿಂದ. ಆ ಕಥೆ ಆಮೇಲೆ ಹೇಳ್ತೀನಿ.

ನಾನು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಮಾಡುವವಳು. ಮಗಳಿಗೆ ನಾಲ್ಕು ತಿಂಗಳು ತುಂಬುತ್ತಿದ್ದ ಹಾಗೇ ಲೈನಿಗೆ ವಾಪಸ್ಸಾದೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಆಮೇಲೆ ಬೇರೆ ಆಹಾರದ ಜೊತೆಗೆ ಎರಡು ವರ್ಷ, ಅದಕ್ಕಿಂತ ಹೆಚ್ಚೂ ಕುಡಿಸಬಹುದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಪ್ಪಂದ ಕೇಳುವ ಹೆರಿಗೆ ರಜೆ ಕನಿಷ್ಠ 14 ವಾರ. ಎಷ್ಟೋ ಕಡೆ ಅದೂ ಸಿಗಲ್ಲ. ಹದಿನಾಲ್ಕು ವಾರಕ್ಕೂ ಆರು ತಿಂಗಳಿಗೂ ನಡುವೆ ಉಳಿಯುವ ಲೆಕ್ಕವನ್ನು ತಾಯಿಯೇ ಹೇಗಾದರೂ ತುಂಬಿಕೊಳ್ಳಬೇಕು. ನಾನು ತುಂಬಿಕೊಂಡದ್ದು ಈ ಪಂಪಿನಿಂದ.

ಕರೆಂಟಿನದ್ದು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ನನಗೆ ಸಿಕ್ಕ ಜಾಗ ಸ್ಟೋರ್ ರೂಮಿನ ಮೂಲೆ, ಅಲ್ಲಿ ಪ್ಲಗ್ ಇಲ್ಲ. ಇದ್ದರೂ ಆ ಗುಯ್ ಗುಯ್ ಸದ್ದು ಕೇಳಿ ಹೊರಗಿನ ಗಂಡಸರು ಏನು ಮಷಿನ್ ಅಂತ ಕೇಳೋದು ಬೇಡವಾಗಿತ್ತು. ಕೈಪಂಪಿಗೆ ಸದ್ದಿಲ್ಲ. ಹಿಡಿ ಒತ್ತಿದರೆ ಸಿಲಿಕಾನ್ ಪದರ ಮೇಲೆದ್ದು ಗಾಳಿ ಎಳೆಯುತ್ತದೆ, ಬಿಟ್ಟರೆ ವಾಲ್ವ್ ಮೂಲಕ ಹಾಲು ಕೆಳಗಿನ ಡಬ್ಬಿಗೆ ಬೀಳುತ್ತದೆ. ಅಷ್ಟೇ.

ಮೊದಲ ವಾರ ಎರಡೂ ಕಡೆ ಸೇರಿ 30 ಮಿ.ಲೀ. ಬಂದರೆ ಹೆಚ್ಚು. ಅತ್ತಿದ್ದೆ. ತಪ್ಪು ಪಂಪಿನದ್ದಲ್ಲ, ನಾನು ಒತ್ತುವ ರೀತಿಯದ್ದು. ಶುರುವಿನಲ್ಲೇ ಜೋರಾಗಿ, ನಿಧಾನವಾಗಿ ಎಳೆಯುತ್ತಿದ್ದೆ. ಮಗು ಹಾಗೆ ಮಾಡಲ್ಲ. ಬಾಯಿ ಹಾಕಿದ ತಕ್ಷಣ ಚಿಕ್ಕಚಿಕ್ಕದಾಗಿ ಚೀಪಿ, ಹಾಲು ಇಳಿದ ಮೇಲೆ ದೊಡ್ಡ ಗುಟುಕು. ಹಾಗೇ ಒಂದೆರಡು ನಿಮಿಷ ಹಗುರವಾಗಿ ಪಟಪಟ ಅಂತ ಒತ್ತಿ, ಹಾಲು ಜಿನುಗೋಕೆ ಶುರುವಾದಾಗ ನಿಧಾನ ಮಾಡಿದೆ. ಕರು ಕಂಡರೆ ಹಸು ಹಾಲು ಇಳಿಸುತ್ತಲ್ಲ, ಹಾಗೆ ಮಗಳ ಹಳೇ ಟೋಪಿಯೊಂದನ್ನು ಮಡಿಲಲ್ಲಿ ಇಟ್ಟುಕೊಂಡೆ. ನಗಬೇಡಿ, ಕೆಲಸ ಮಾಡುತ್ತೆ. ಮೂರನೇ ವಾರಕ್ಕೆ ಒಂದು ಸಲಕ್ಕೆ 90 ಮಿ.ಲೀ. ದಾಟಿತು.

ಇನ್ನೊಂದು ವಿಷಯ ಡಬ್ಬದ ಮೇಲೆ ಯಾರೂ ದೊಡ್ಡದಾಗಿ ಬರೆಯಲ್ಲ. ಎದೆಗೆ ಇಡುವ ಫ್ಲೇಂಜಿನ ಅಳತೆ. ಜೊತೆಗೆ ಬಂದದ್ದು 24 ಮಿ.ಮೀ. ನನಗೆ ಅದು ದೊಡ್ಡದು, ಸುತ್ತಲಿನ ಚರ್ಮವನ್ನೂ ಒಳಗೆ ಎಳೆದು ಕೆಂಪಗೆ ಮಾಡುತ್ತಿತ್ತು. 21ರದ್ದು ಬೇರೆ ತರಿಸಿಕೊಂಡೆ, ಉರಿ ನಿಂತಿತು. ನೋವಾಗುತ್ತಿದ್ದರೆ ಸಹಿಸಿಕೊಂಡು ಕೂರಬೇಡಿ, ಮೊದಲು ಅಳತೆ ನೋಡಿ.

ಈಗ ವಾಲ್ವಿನ ಕಥೆ. ಬಿಡಿಭಾಗಗಳನ್ನು ಸಿಂಕಿನಲ್ಲಿ ನೇರವಾಗಿ ಇಡದೆ ಬೇರೆ ಬೇಸಿನ್ನಿನಲ್ಲಿ ತೊಳೆಯಿರಿ ಅಂತ ಕೈಪಿಡಿಯಲ್ಲಿ ಇದೆ. ನಾನು ಅವಸರದಲ್ಲಿ ನಲ್ಲಿ ಕೆಳಗೇ ಹಿಡಿದೆ. ಬೆರಳ ಸಂದಿಯಿಂದ ಜಾರಿ ಆ ಬಿಳಿ ತುಂಡು ಸೀದಾ ತೂತಿನೊಳಗೆ. ಅದಿಲ್ಲದೆ ಎಷ್ಟು ಒತ್ತಿದರೂ ಗಾಳಿ ಹಿಡಿಯಲ್ಲ. ಮಧ್ಯಾಹ್ನದ ಹೊತ್ತಿಗೆ ಎದೆ ಕಲ್ಲಾಗಿತ್ತು, ಮುಟ್ಟಿದರೆ ಜೀವ ಹೋಗುತ್ತಿತ್ತು. ಕೊನೆಗೆ ಕೈಯಿಂದಲೇ ಹಿಂಡಿದೆ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಸ್ವಲ್ಪ ಹಿಂದೆ. ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಎರಡೂ ಕಡೆಯಿಂದ ಅದುಮುವುದು. ಚರ್ಮದ ಮೇಲೆ ಬೆರಳು ಜಾರಿಸಬಾರದು. ಅವತ್ತು ಬಂದದ್ದು 80 ಮಿ.ಲೀ.! ದುಡ್ಡು ಕೊಟ್ಟು ತಂದದ್ದಕ್ಕೂ ಖರ್ಚಿಲ್ಲದ್ದಕ್ಕೂ ಇಷ್ಟೇ ವ್ಯತ್ಯಾಸವಾ ಅಂತ ಸ್ವಲ್ಪ ಹೊಟ್ಟೆ ಉರಿಯಿತು. ಆದರೂ ದಿನಾ ಎರಡು ಸಲ ಅಂದರೆ ಪಂಪೇ ಮೇಲು, ಮಣಿಕಟ್ಟು ಉಳಿಯುತ್ತೆ. ಕಂಪನಿಯವರು ಒಂದು ವಾಲ್ವ್ ಜಾಸ್ತಿ ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಅದರ ಬದಲು ಡಬ್ಬದೊಳಗೆ ಬಿಟ್ಟಿಯಾಗಿ ಒಂದು ಬಾಟಲಿ, ನಿಪ್ಪಲ್ ಇಟ್ಟಿದ್ದರು. ಬಾಟಲಿ, ನಿಪ್ಪಲ್‌ಗಳ ಪ್ರಚಾರ ಬೇಡ ಅಂತ 1981ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ಸಂಹಿತೆ ಹೇಳಿದೆ. ಆ ಬಾಟಲಿ ಹಾಗೇ ಅಟ್ಟ ಸೇರಿತು. ಅತ್ತೆ ಕುಡಿಸುವುದು ಚಿಕ್ಕ ಲೋಟದಲ್ಲಿ, ಒಮ್ಮೊಮ್ಮೆ ಒಳಲೆಯಲ್ಲಿ. ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಲೋಟದ ಅಂಚನ್ನು ಕೆಳತುಟಿಗೆ ತಾಗಿಸಿದರೆ ಅದೇ ನಾಲಿಗೆ ಚಾಚಿ ನೆಕ್ಕಿಕೊಳ್ಳುತ್ತದೆ. ಬಾಯೊಳಗೆ ಸುರಿಯಬಾರದು. ಮೊದಲೆರಡು ದಿನ ಮಗಳಿಗಿಂತ ಅವಳ ಅಂಗಿಯೇ ಹೆಚ್ಚು ಕುಡಿಯಿತು.

ಒಂದು ದಿನ ಅತ್ತೆ ಫೋನ್ ಮಾಡಿದರು. "ಹಾಲು ಒಡೆದಿದೆ ಕಣಮ್ಮ, ಮೇಲೆ ಹಳದಿ, ಕೆಳಗೆ ನೀರು. ಚೆಲ್ಲಲಾ?" ನನ್ನ ಎದೆ ಧಸಕ್ಕೆಂದಿತು. ಅದು ಕೊಬ್ಬು ಮೇಲೆ ಕಟ್ಟಿಕೊಂಡದ್ದು, ಡಬ್ಬಿಯನ್ನು ಮೆಲ್ಲಗೆ ತಿರುಗಿಸಿದರೆ ಕೂಡಿಕೊಳ್ಳುತ್ತೆ. ಚೆಲ್ಲಬೇಕಾದ್ದು ಮಗು ಕುಡಿದು ಉಳಿಸಿದ್ದನ್ನು, ಎರಡು ಗಂಟೆ ದಾಟಿದರೆ.

ಹಿಂಡಿದ ಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತೆ, ಫ್ರಿಜ್ಜಿನಲ್ಲಿ ನಾಲ್ಕು ದಿನ. ಇಸ್ತ್ರಿ ಸೆಕ್ಷನ್ ಪಕ್ಕದಲ್ಲಿ 25 ಡಿಗ್ರಿ ಅನ್ನೋದು ಕನಸು, ಅದಕ್ಕೇ ಐಸ್ ಪ್ಯಾಕ್ ಹಾಕಿದ ಬ್ಯಾಗ್. ಗಟ್ಟಿಯಾಗಿ ಹೆಪ್ಪುಗಟ್ಟಿದ ಪ್ಯಾಕ್ ಇದ್ದರೆ ಒಂದು ದಿನದವರೆಗೂ ನಡೆಯುತ್ತೆ. ಬ್ಯಾಗ್ ಬಗ್ಗೆ ದೂರಿಲ್ಲ, ಜಿಪ್ ಮಾತ್ರ ಹಟಮಾರಿ.

ನಿಜವಾದ ಖರ್ಚು ಸಮಯದ್ದು. ಹಿಂಡೋಕೆ ಇಪ್ಪತ್ತು ನಿಮಿಷ, ಕೈ ತೊಳೆದು, ಜೋಡಿಸಿ, ಮತ್ತೆ ತೊಳೆಯೋಕೆ ಹತ್ತು. ಹಾಲೂಡುವ ತಾಯಿಗೆ ಕೆಲಸದ ನಡುವೆ ಅರ್ಧ ಗಂಟೆಯಂತೆ ದಿನಕ್ಕೆ ಎರಡು ಸಲ ಬಿಡುವು ಕೊಡಿ ಅಂತ ಅದೇ ಕಾರ್ಮಿಕ ಸಂಘಟನೆಯ 1919ರ ಒಪ್ಪಂದದಲ್ಲೇ ಬರೆದಿಟ್ಟಿದ್ದಾರೆ. ಆ ಲೆಕ್ಕ ಹಾಕಿದವರು ಯಾರೋ, ಸರಿಯಾಗೇ ಹಾಕಿದ್ದಾರೆ. ಫಿಲಿಪ್ಪೀನ್ಸ್ ಕಾನೂನಿನಲ್ಲಿ ಎಂಟು ಗಂಟೆಗೆ ಕನಿಷ್ಠ 40 ನಿಮಿಷ, ಅದೂ ಸಂಬಳದ ಸಮಯ. ನನಗೆ ಸಿಕ್ಕಿದ್ದು ಊಟದ ಬಿಡುವು, ಮತ್ತು ಸೂಪರ್‌ವೈಸರ್ ಮುಖ ನೋಡಿ ಕೇಳಿಕೊಂಡ ಹದಿನೈದು ನಿಮಿಷ. ಅದಕ್ಕೇ ರಾತ್ರಿ ಹಾಲೂಡುವುದನ್ನು ಬಿಡಲಿಲ್ಲ. ಹಾಲು ಹುಟ್ಟಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ರಾತ್ರಿಯೇ ಹೆಚ್ಚು ಏರುವುದು. ಹಗಲಿನ ಕೊರತೆಯನ್ನು ಮಗಳು ರಾತ್ರಿ ವಸೂಲಿ ಮಾಡುತ್ತಾಳೆ. ನಿದ್ದೆಯ ಮಾತು ಎತ್ತಬೇಡಿ.

ಪಂಪಿಗೆ ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಳೆದದ್ದು ವಾಲ್ವಿಗೆ.

ಮೊನ್ನೆ ನಮ್ಮ ಲೈನಿನ ಹುಡುಗಿ, ಮೂರು ತಿಂಗಳ ಕೂಸಿನ ತಾಯಿ, "ಅಕ್ಕಾ, ನಿಮ್ಮದು ಮುಗಿದ ಮೇಲೆ ನನಗೆ ಕೊಡ್ತೀರಾ?" ಅಂದಳು. ಇದು ಒಬ್ಬರು ಬಳಸಿ ಇನ್ನೊಬ್ಬರಿಗೆ ಕೊಡುವ ವಸ್ತುವಲ್ಲ, ಹಾಲಿನ ತೇವ ಕಾಣದ ಸಂದಿಯಲ್ಲೂ ಹೋಗಿ ಕೂರುತ್ತೆ. "ಪಂಪ್ ಕೊಡಲ್ಲ. ನಾಳೆ ಊಟಕ್ಕೆ ಬಿಟ್ಟಾಗ ಕುದಿಸಿದ ಬಟ್ಟಲೊಂದು ತಗೊಂಡು ಸ್ಟೋರ್ ರೂಮಿಗೆ ಬಾ," ಅಂದೆ. "ಬಾಗಿಲಿಗೆ ಚಿಲಕ ಇಲ್ಲ, ನಾನೇ ಅಡ್ಡ ನಿಲ್ತೀನಿ."